ದೂರಲು ಏನೂ ಇಲ್ಲದ ದವಡೆ

ಮಧ್ಯಾಹ್ನದ ಊಟ ಮುಗಿಸಿ, ಕಿಟಕಿ ಪಕ್ಕದ ಒರಗು ಕುರ್ಚಿಯಲ್ಲಿ ಕಾಲು ಚಾಚಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವಲನ್ನು ಎಡಗೆನ್ನೆಗೆ ಒತ್ತಿಕೊಂಡು ಓರ್ವಿಲ್ ಟ್ವೀಟನ್ ಕಣ್ಣು ಮುಚ್ಚಿದನೆಂದರೆ ಸೇಬು ಬರುತ್ತಿತ್ತು. ದಿನಾ ಅಲ್ಲ, ವಾರಕ್ಕೆ ಎರಡು ಸಲವಾದರೂ. ಚಿಕ್ಕಪ್ಪನ ಕೊಟ್ಟಿಗೆಯ ಹಿಂದಿನ ಮರ, ಎಲೆಯ ಮೇಲೆ ಇಬ್ಬನಿ, ಅಂಗೈಗೆ ತಣ್ಣಗೆ ತಗಲುವ ಹಣ್ಣು. ಅವನು ಬಾಯಿ ತೆರೆಯುತ್ತಿದ್ದ. ಕನಸಿನಲ್ಲಿ ಬಾಯಿ ಎಷ್ಟು ಬೇಕಾದರೂ ತೆರೆಯುತ್ತಿತ್ತು, ಕೊಟ್ಟಿಗೆಯ ಬಾಗಿಲಿನ ಹಾಗೆ. ಹಲ್ಲು ಸಿಪ್ಪೆ ಸೀಳಿ ಒಳಗಿಳಿಯುವ ಸದ್ದು, ಗದ್ದದ ಮೇಲೆ ಹರಿಯುವ ರಸ. ಇನ್ನೇನು ಅಗಿಯಬೇಕು ಅನ್ನುವಷ್ಟರಲ್ಲಿ ಎಚ್ಚರವಾಗಿಬಿಡುತ್ತಿತ್ತು. ಎಚ್ಚರವಾದ ಮೇಲೂ ಒಂದು ಗಳಿಗೆ ನಾಲಿಗೆಯ ಮೇಲೆ ಹುಳಿಸಿಹಿ ಉಳಿದಿರುತ್ತಿತ್ತು. ಆಮೇಲೆ ನೋವು ಬಂದು ತನ್ನ ಜಾಗದಲ್ಲಿ ಕೂತುಕೊಳ್ಳುತ್ತಿತ್ತು.

ಓರ್ವಿಲ್ ಸೇಬು ಕಚ್ಚಿ ನಲವತ್ತೊಂದು ವರ್ಷವಾಗಿತ್ತು. ಇದು ತನಗೊಬ್ಬನಿಗೇ ಗೊತ್ತು ಎಂದು ಅವನು ನಂಬಿಕೊಂಡಿದ್ದ.

ಅವನ ಊರು ನೋರ್ಡಾಲಿನ ಜನ ದೂರುವವರಲ್ಲ. ಅವರ ಮುತ್ತಜ್ಜಂದಿರು ನಾರ್ವೆಯಲ್ಲಿ ಹಡಗು ಹತ್ತಿದಾಗ ಕಂಬಳಿ, ಬೈಬಲ್ಲು, ಆಲೂಗಡ್ಡೆ ರೊಟ್ಟಿಯ ಲಟ್ಟಣಿಗೆಗಳ ಜೊತೆ ಈ ಸ್ವಭಾವವನ್ನೂ ಗಂಟು ಕಟ್ಟಿಕೊಂಡು ಬಂದಿದ್ದರು. ಅಮೆರಿಕದ ಮಿನೆಸೋಟ ರಾಜ್ಯದ ಆ ಮೂಲೆಯಲ್ಲಿ ನೆಲ ಚಪ್ಪಟೆ, ಮಾತೂ ಚಪ್ಪಟೆ. ಹೇಗಿದ್ದೀಯ ಅಂದರೆ "ದೂರೋಕೆ ಏನೂ ಇಲ್ಲ" ಅನ್ನಬೇಕು. ಆಲಿಕಲ್ಲು ಬಿದ್ದು ಸಕ್ಕರೆ ತೆಗೆಯುವ ಬೀಟ್‌ಗೆಡ್ಡೆಯ ಬೆಳೆಯೆಲ್ಲ ಹೋದವನು, ಇದಕ್ಕಿಂತ ಕೆಟ್ಟದ್ದೂ ಆಗಬಹುದಿತ್ತು ಅನ್ನಬೇಕು. ಕಾಫಿ ಬೇಕಾ ಎಂದರೆ ಬೇಡ ಅನ್ನಬೇಕು. ಎರಡನೇ ಸಲ ಕೇಳಿದರೆ, ನಿಮಗೆ ಸುಮ್ಮನೆ ತೊಂದರೆ ಅನ್ನಬೇಕು. ಮೂರನೇ ಸಲ ಕೇಳಿದಾಗ, ಹೇಗೂ ಮಾಡಿದ್ದರೆ ಅರ್ಧ ಲೋಟ ಅನ್ನಬಹುದು. ಮೊದಲ ಸಲಕ್ಕೇ ಹೂಂ ಅಂದವನನ್ನು ಊರು ಇಪ್ಪತ್ತು ವರ್ಷ ನೆನಪಿಟ್ಟುಕೊಳ್ಳುತ್ತದೆ. ಹೊಸದಾಗಿ ಬಂದ ಪಾದ್ರಿಯೊಬ್ಬ, ಪಾಪ, ಬಂದ ದಿನವೇ ಹಾಗೆ ಮಾಡಿದ. ಎರಡೇ ವರ್ಷಕ್ಕೆ ಬೇರೆ ಊರಿಗೆ ಹೋದ. ಕಾರಣ ಅದೇ ಎಂದು ಯಾರೂ ಹೇಳಲಿಲ್ಲ, ಹೇಳುವ ಜನವೇ ಅಲ್ಲವಲ್ಲ.

ಇಂಥ ಊರಿನಿಂದ ಓರ್ವಿಲ್ ಇಪ್ಪತ್ತೊಂದನೇ ವಯಸ್ಸಿಗೆ ವಿಯೆಟ್ನಾಮಿಗೆ ಹೋದ. ಫಿರಂಗಿಯ ಗುಂಡಿನ ಪೆಟ್ಟಿಗೆ ಹೊರುವ ಟ್ರಕ್ಕಿನ ಚಾಲಕ. ಶತ್ರು ಅವನ ಕೂದಲನ್ನೂ ಮುಟ್ಟಲಿಲ್ಲ, ಅವನ ಟ್ರಕ್ಕೇ ಅವನನ್ನು ಹೊಡೆಯಿತು. ಒಂದು ಮಳೆಯ ಬೆಳಿಗ್ಗೆ ಹಿಂಬಾಗಿಲಿನ ಕೊಂಡಿ ತೆಗೆಯುವಾಗ ಒಳಗೆ ಜಾರಿದ್ದ ಪೆಟ್ಟಿಗೆಗಳ ಭಾರಕ್ಕೆ ಆ ಕಬ್ಬಿಣದ ಹಲಗೆ ಧಡಾರನೆ ತೆರೆದು ಎಡದವಡೆಗೆ ಬಡಿಯಿತು. ಕೆಸರಿನಲ್ಲಿ ಬಿದ್ದವನನ್ನು ಎತ್ತಿಕೊಂಡು ಚಿಕಿತ್ಸೆಯ ಡೇರೆಗೆ ಓಡಿದವನು ಲೂಸಿಯಾನಾದ ಕ್ಲೋವಿಸ್ ಆರ್ಸೆನೋ ಎಂಬ ಗೆಳೆಯ. ಡೇರೆಯಲ್ಲಿ ಪಕ್ಕದ ಮಂಚದಲ್ಲಿ ಮಲಗಿದ್ದವನಿಗೆ ಮೊಣಕಾಲಿನಿಂದ ಕೆಳಗೆ ಏನೂ ಇರಲಿಲ್ಲ. ಓರ್ವಿಲ್ ಅವನನ್ನು ನೋಡಿದ. ಅಷ್ಟರಲ್ಲಿ ಔಷಧಿ ಹಚ್ಚುವ ಸಿಪಾಯಿ ಬಂದು ನಿನಗೇನಾಗಿದೆ ಎಂದು ಕೇಳಿದ. ನನಗೇನಿಲ್ಲ, ಮೊದಲು ಅವನನ್ನು ನೋಡಿ ಎಂದ ಓರ್ವಿಲ್, ಹಲ್ಲಿನ ಸಂದಿಯಿಂದ. ಸಿಪಾಯಿ ಕಾಗದದಲ್ಲಿ 'ದೂರು ಇಲ್ಲ' ಎಂದು ಗೀಚಿ ಮುಂದೆ ಹೋದ. ಟ್ರಕ್ಕಿನ ಬಾಗಿಲು ತಗಲಿದ್ದನ್ನು ಗಾಯ ಎಂದು ಹೇಳಿಕೊಳ್ಳಲು ಓರ್ವಿಲ್‌ಗೆ ನಾಚಿಕೆಯಾಗಿತ್ತು, ನಿಜ ಹೇಳಬೇಕೆಂದರೆ.

ಊರಿಗೆ ಬಂದ. ತನಗಾಗಿ ಕಾದಿದ್ದ ಆರ್ಡಿಸ್‌ಳನ್ನು ಮದುವೆಯಾದ. ಮೂವತ್ತಾರು ವರ್ಷ ಹೊಲದಿಂದ ಸಕ್ಕರೆ ಕಾರ್ಖಾನೆಗೆ ಬೀಟ್‌ಗೆಡ್ಡೆ ಹೊರುವ ಲಾರಿ ಓಡಿಸಿದ. ಅಕ್ಟೋಬರಿನ ಸುಗ್ಗಿಯಲ್ಲಿ ಕಾರ್ಖಾನೆಯ ಮುಂದೆ ಲಾರಿಗಳ ಸಾಲು ಮೈಲಿಗಟ್ಟಲೆ ನಿಲ್ಲುತ್ತಿತ್ತು. ಮಣ್ಣಿನ ಧೂಳು, ಬೆಂದ ಬೀಟಿನ ಮಂಕು ವಾಸನೆ, ಕೊಳವೆಯಿಂದ ಆಕಾಶಕ್ಕೆ ಏರುವ ಬಿಳಿ ಹಬೆ. ಆ ಹಬೆಯನ್ನೇ ನೋಡುತ್ತ ಕೂತರೆ ಎಚ್ಚರ ಎಲ್ಲಿ ಮುಗಿಯಿತು, ಜೊಂಪು ಎಲ್ಲಿ ಹತ್ತಿತು ಅವನಿಗೇ ತಿಳಿಯುತ್ತಿರಲಿಲ್ಲ. ಹಬೆಯೊಳಗೆ ಒಮ್ಮೊಮ್ಮೆ ಭತ್ತದ ಗದ್ದೆ ಕಾಣುತ್ತಿತ್ತು, ಒಮ್ಮೊಮ್ಮೆ ಚಿಕ್ಕಪ್ಪನ ಸೇಬಿನ ಮರ. ಹಿಂದಿನ ಲಾರಿಯವನು ಹಾರನ್ ಹೊಡೆದಾಗಲೇ ಈ ಲೋಕಕ್ಕೆ ಇಳಿಯುತ್ತಿದ್ದ. ಊರವರು ಅವನನ್ನು ಹಗಲುಗನಸಿನ ಟ್ವೀಟನ್ ಎಂದು ಛೇಡಿಸುತ್ತಿದ್ದರು. ಅವನು ನಗುತ್ತಿದ್ದ, ತುಟಿ ಮುಚ್ಚಿಕೊಂಡೇ. ಚರ್ಚಿನ ಹಾಡಿನ ಗುಂಪಿನಲ್ಲಿ ಹಿಂದಿನ ಸಾಲಿನಲ್ಲಿ ನಿಂತು ತುಟಿ ಆಡಿಸುತ್ತಿದ್ದ, ದನಿ ಹೊರಡುತ್ತಿರಲಿಲ್ಲ. ಪಕ್ಕದಲ್ಲಿ ನಿಂತವನಿಗೆ ಇದು ಗೊತ್ತಿತ್ತು. ಅವನೂ ನೋರ್ಡಾಲಿನವನೇ, ತುಟಿ ಪಿಟಕ್ಕೆನ್ನಲಿಲ್ಲ.

ಅರವತ್ತೆರಡು ತುಂಬಿದಾಗ ದವಡೆ ಹಿಡಿದುಕೊಳ್ಳತೊಡಗಿತು. ಬೆಳಿಗ್ಗೆ ಎದ್ದರೆ ಬಾಯಿ ಒಂದು ಬೆರಳಿನಗಲವೂ ತೆರೆಯದು. ಬಿಸಿ ಟವಲು ಹಿಡಿದು, ಕೀಲನ್ನು ಉಜ್ಜಿ, ಅರ್ಧ ಗಂಟೆ ಕಾದರೆ 'ಟಕ್' ಎಂದು ಬಿಡುತ್ತಿತ್ತು. ಪಟ್ಟಣದ ಹಲ್ಲಿನ ಡಾಕ್ಟರು ಎಕ್ಸ್‌ರೇ ತೆಗೆದು ನೋಡಿದಳು. ಕಿವಿಯ ಮುಂದಿನ ಕೀಲು ಸವೆದು ಮೂಳೆಗೆ ಮೂಳೆ ಉಜ್ಜುತ್ತಿದೆ, ಹೀಗೇ ಬಿಟ್ಟರೆ ಒಂದೆರಡು ವರ್ಷದಲ್ಲಿ ಬಾಯಿ ಪೂರ್ತಿ ಕಚ್ಚಿಕೊಳ್ಳುತ್ತದೆ, ಆಮೇಲೆ ಏನಿದ್ದರೂ ಕೊಳವೆಯಲ್ಲಿ ಹೀರುವುದೇ ಎಂದಳು. ಆಪರೇಷನ್ ಮಾಡಿಸಿದರೆ ಬಾಯಿ ಉಳಿದೀತು. ಅದರ ಖರ್ಚಿಗೆ ಮನೆ ಮಾರಿದರೂ ಸಾಲದು. ಆದರೆ ದವಡೆ ಸೇನೆಯಲ್ಲಿದ್ದಾಗ ಕೆಟ್ಟದ್ದು, ನೂರಕ್ಕೆ ಹತ್ತರಷ್ಟಾದರೂ ಊನ ಎಂದು ಸರ್ಕಾರ ಒಪ್ಪಿಬಿಟ್ಟರೆ ಮಾಜಿ ಸೈನಿಕರ ಆಸ್ಪತ್ರೆಯೇ ಎಲ್ಲವನ್ನೂ ಮಾಡುತ್ತದೆ.

ಆ ಅರ್ಜಿ ಬರೆದುಕೊಡುವವನು ಜಿಲ್ಲೆಯ ಕಚೇರಿಯಲ್ಲಿದ್ದ ಲಾನಿ ಪಾವ್ಲಿಕ್. ಡುಲೂತ್ ಬಂದರಿನವನು, ಹಳೇ ನೌಕಾದಳದವನು, ಪಿಸುಗುಟ್ಟಿದರೂ ಬೀದಿಗೆ ಕೇಳುವ ಗಂಟಲು. ನೋರ್ಡಾಲಿನ ಹುಡುಗಿಯನ್ನು ಮದುವೆಯಾಗಿ ಇಪ್ಪತ್ತು ವರ್ಷವಾದರೂ ಅವನಿಗೆ ಈ ಊರಿನ ಮೌನ ಅಭ್ಯಾಸವಾಗಿರಲಿಲ್ಲ. 'ದೂರು ಇಲ್ಲ' ಎಂಬ ಆ ಹಳೇ ಕಾಗದವನ್ನು ನೋಡಿ ಅವನು ಹಣೆ ಚಚ್ಚಿಕೊಂಡ. ಆಮೇಲೆ ಮೂರು ತಿಂಗಳು ಹುಡುಕಿ ಲೂಸಿಯಾನಾದಲ್ಲಿ ಕ್ಲೋವಿಸ್ ಆರ್ಸೆನೋನನ್ನು ಪತ್ತೆಮಾಡಿ ಅವನಿಂದ ಸಾಕ್ಷಿಪತ್ರ ತರಿಸಿದ. ಬಾಗಿಲು ಬಡಿದದ್ದು ನಾನು ಕಂಡೆ, ಮೂಳೆ ಮುರಿದ ಸದ್ದು ಇವತ್ತಿಗೂ ಕಿವಿಯಲ್ಲಿದೆ ಎಂದು ಅವನು ಬರೆದಿದ್ದ. ಇನ್ನು ಉಳಿದದ್ದು ಅಳತೆಯೊಂದೇ. ಬಾಯಿ ನೋವಿಲ್ಲದೆ ಎಷ್ಟು ತೆರೆಯುತ್ತದೆ ಎಂದು ಡಾಕ್ಟರು ಅಳೆಯಬೇಕು. ಕಡಿಮೆ ತೆರೆದಷ್ಟೂ ಊನದ ಪಾಲು ಹೆಚ್ಚು.

ಫಾರ್ಗೋ ಊರಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಅವನನ್ನು ನೋಡಿದವರು ಒಬ್ಬ ಎಳೆಯ ಡಾಕ್ಟರು, ಬೇರೆ ಕಡೆಯಿಂದ ಬಂದವರು, ಹೊರಗೆ ಕಾಯುತ್ತಿರುವವರ ಸಾಲು ಉದ್ದವಿತ್ತು. ಹೇಗಿದ್ದೀರಿ ಎಂದು ಕೇಳಿದರು. ದೂರೋಕೆ ಏನೂ ಇಲ್ಲ ಎಂದ ಓರ್ವಿಲ್. ಡಾಕ್ಟರು ಅದನ್ನು ಬರೆದುಕೊಂಡರು. ನೋವಿದೆಯಾ ಎಂದು ಕೇಳಿದರು. ಅಷ್ಟೇನಿಲ್ಲ ಎಂದು ಹೇಳಿ ಓರ್ವಿಲ್ ಎರಡನೇ ಪ್ರಶ್ನೆಗೆ ಮರ್ಯಾದೆಯಿಂದ ಕಾದ. ಎರಡನೇ ಪ್ರಶ್ನೆ ಬರಲಿಲ್ಲ, ಹಾಳೆ ಮಗುಚುವ ಸದ್ದು ಬಂತು. ಬಾಯಿ ತೆರೀರಿ, ನೋವು ಶುರುವಾದಾಗ ಹೇಳಿ ಎಂದರು. ಓರ್ವಿಲ್‌ಗೆ ಮೊದಲರ್ಧ ಮಾತ್ರ ಆಜ್ಞೆಯಾಗಿ ಕೇಳಿಸಿತು. ತೆರೆದ. ಒಂದು ಬೆರಳಿನಗಲಕ್ಕೇ ನೋವು ಎದ್ದಿತು. ಇನ್ನೂ ತೆರೆದ. ಕಿವಿಯೊಳಗೆ ಏನೋ ಹರಿದ ಹಾಗಾಯಿತು, ಕಣ್ಣ ಮುಂದೆ ಕಾರ್ಖಾನೆಯ ಬಿಳಿ ಹಬೆ ಸುತ್ತಿಕೊಂಡಿತು, ಹಬೆಯ ಆಚೆ ಯಾರೋ ಸಂಖ್ಯೆ ಹೇಳುತ್ತಿದ್ದರು. ನಲವತ್ತೆರಡು ಮಿಲಿಮೀಟರ್. ಚೆನ್ನಾಗಿದೆ ಎಂದರು ಡಾಕ್ಟರು. ಥ್ಯಾಂಕ್ಸ್ ಎಂದ ಓರ್ವಿಲ್.

ಆಮೇಲೆ ಹನ್ನೊಂದು ದಿನ ಅವನು ಸಾರು ಕುಡಿದುಕೊಂಡು ಇದ್ದ. ಏಳನೇ ವಾರ ಪತ್ರ ಬಂತು. ದವಡೆಗೆ ಸೇನೆಯಲ್ಲೇ ಪೆಟ್ಟು ಬಿದ್ದದ್ದು ಹೌದು, ಊನ ಸೊನ್ನೆ. ಹಾಗಂದರೇನು ಎಂದು ಆರ್ಡಿಸ್ ಕೇಳಿದಳು. ಓರ್ವಿಲ್ ಪತ್ರವನ್ನು ಮಡಚಿ, "ಇದೆ, ಆದ್ರೆ ಇಲ್ಲ ಅಂತ," ಎಂದ. ಅದೇನು ಅವರಿಬ್ಬರಿಗೆ ಹೊಸ ಸಂಗತಿಯಾಗಿರಲಿಲ್ಲ.

ಲಾನಿಗೆ ಮಾತ್ರ ಮೈಯೆಲ್ಲ ಉರಿಯಿತು.

"ನಲವತ್ತೆರಡಾ? ನನ್ನ ಬಾಯೇ ಅಷ್ಟು ತೆರೆಯಲ್ಲ ಕಣಯ್ಯಾ. ನನ್ನ ಹೆಂಡ್ತಿನ ಕೇಳು, ಅದು ಇಡೀ ದಿನ ತೆರೆದೇ ಇರುತ್ತೆ ಅಂತಾಳೆ."

"ತೆರೀರಿ ಅಂದ್ರು," ಎಂದ ಓರ್ವಿಲ್.

"ನೋವಾದಾಗ ಹೇಳಿ ಅಂತಾನೂ ಅಂದ್ರಲ್ಲ."

ಓರ್ವಿಲ್ ತೊಡೆಯ ಮೇಲಿದ್ದ ಟೋಪಿಯನ್ನು ಒಂದು ಸುತ್ತು ತಿರುಗಿಸಿದ. "ಇನ್ನೊಂದ್ಸಲ ಕೇಳ್ತಾರೆ ಅನ್ಕೊಂಡೆ."

ಲಾನಿ ಪೆನ್ನು ಕೆಳಗಿಟ್ಟ. ಅವನ ಮಾವನೂ ಹೀಗೆಯೇ ಎದೆನೋವನ್ನು ಮೂರನೇ ಸಲ ಕೇಳುವ ತನಕ ಹೇಳದೆ ತೀರಿಕೊಂಡಿದ್ದ.

"ಅದು ನಿಮ್ಮ ಚರ್ಚಿನ ಕಾಫಿ ಅಲ್ಲ ಓರ್ವಿಲ್," ಎಂದ, ಅವನ ಮಟ್ಟಿಗೆ ಮೆಲ್ಲಗೆ. "ಅಲ್ಲಿ ಒಂದೇ ಸಲ ಕೇಳೋದು. ಬಾಯಿದ್ದೋನು ಬರಗಾಲದಲ್ಲೂ ಬದುಕ್ತಾನಂತೆ. ನಿಂಗಿರೋದು ಒಂದೇ ಬಾಯಿ, ಅದೂ ಮುಚ್ಕೊಳ್ತಾ ಇದೆ."

ಇನ್ನೊಮ್ಮೆ ಅಳತೆ ಮಾಡಬೇಕೆಂದು ಲಾನಿ ಮೇಲ್ಮನವಿ ಬರೆದ. ಮೂವತ್ತಕ್ಕಿಂತ ಕೆಳಗೆ ನಿಂತರೆ ಸಾಕು, ಆಪರೇಷನ್ ಆದ ಹಾಗೇ ಅಂದುಕೋ ಎಂದ. ಜೊತೆಗೆ ಹೆಂಡತಿಯ ಸಾಕ್ಷಿಪತ್ರವೂ ಬೇಕು, ದಿನಾ ಕಣ್ಣಾರೆ ಕಾಣುವವಳು ಅವಳೇ ತಾನೆ ಎಂದ. ಆರ್ಡಿಸ್ ಮಾರನೇ ದಿನವೇ ಬರೆದು ತಂದಳು. ಓರ್ವಿಲ್ ಒಳ್ಳೆಯ ಗಂಡ, ಬಡಿಸಿದ್ದನ್ನು ಉಣ್ಣುತ್ತಾನೆ, ಅವನಿಂದ ಯಾರಿಗೂ ತೊಂದರೆಯಿಲ್ಲ ಎಂದಿತ್ತು ಅದರಲ್ಲಿ. ಲಾನಿ ಓದಿ, ಕನ್ನಡಕ ತೆಗೆದ.

"ಆರ್ಡಿಸಮ್ಮ, ಇವನಿಗೆ ಇನ್ನೊಂದು ಮದುವೆ ಮಾಡಿಸೋದಾದ್ರೆ ಇದು ಸಾಕು."

"ಗಂಡನ ಮೇಲೆ ದೂರು ಬರೀಬೇಕಾ ನಾನು?" ಎಂದಳು ಆರ್ಡಿಸ್. ಅವಳ ಕತ್ತು ಕೆಂಪಾಗಿತ್ತು.

"ಗಂಡನ ಮೇಲಲ್ಲಮ್ಮ, ದವಡೆ ಮೇಲೆ. ನೀವು ಕಂಡದ್ದು ಬರೀರಿ. ಅಷ್ಟೇ."

ಕಾಗದ ಒಂದು ವಾರ ಅಡುಗೆಮನೆಯ ಮೇಜಿನ ಮೇಲೆ ಸಕ್ಕರೆ ಡಬ್ಬದ ಕೆಳಗಿತ್ತು. ಮಧ್ಯಾಹ್ನ ಓರ್ವಿಲ್ ಕುರ್ಚಿಯಲ್ಲಿ ಒರಗಿದಾಗ ಅವಳು ಪೆನ್ನು ಹಿಡಿಯುತ್ತಿದ್ದಳು. ಅದು ಗೀಚುವ ಸದ್ದು ಅವನ ಜೊಂಪಿನೊಳಗೆ ಬಂದು ಏನೇನೋ ಆಗುತ್ತಿತ್ತು. ಒಮ್ಮೆ ಕಿಟಕಿ ಗಾಜಿಗೆ ಹಿಮದ ಪುಡಿ ತಾಗಿದ ಹಾಗೆ, ಒಮ್ಮೆ ಕೊಟ್ಟಿಗೆಯ ಹುಲ್ಲಿನಲ್ಲಿ ಇಲಿ ಓಡಿದ ಹಾಗೆ, ಇನ್ನೊಮ್ಮೆ ಯಾರೋ ಬಹಳ ದೂರದಲ್ಲಿ ಅವನ ಹೆಸರನ್ನು ನಿಧಾನವಾಗಿ ಬರೆದು ಬರೆದು ಅಳಿಸಿದ ಹಾಗೆ. ಕೊನೆಗೆ ಅವಳು ಲಕೋಟೆಗೆ ಗೋಂದು ಹಚ್ಚಿದಳು. ಏನು ಬರೆದೆ ಎಂದು ಅವನು ಕೇಳಲಿಲ್ಲ. ಕೇಳುವ ರೂಢಿಯಿಲ್ಲ.

ಫೆಬ್ರವರಿಯಲ್ಲಿ ಫಾರ್ಗೋಗೆ ಮತ್ತೆ ಕರೆ ಬಂತು. ಅಂದು ಗಾಳಿಗೆ ಹಿಮ ನೆಲದಿಂದಲೇ ಎದ್ದು ರಸ್ತೆಯ ಮೇಲೆ ಹಾಲಿನ ಹಾಗೆ ಅಡ್ಡ ಹರಿಯುತ್ತಿತ್ತು. ಆಕಾಶ ಯಾವುದು, ಹೊಲ ಯಾವುದು ತಿಳಿಯದು. ಚಕ್ರ ಉರುಳುತ್ತಿದ್ದರೂ ಕಾರು ನಿಂತಲ್ಲೇ ನಿಂತ ಹಾಗಿತ್ತು, ಟೆಲಿಫೋನ್ ಕಂಬಗಳೇ ಒಂದೊಂದಾಗಿ ಬಂದು ಅವರನ್ನು ನೋಡಿಕೊಂಡು ಹೋಗುತ್ತಿದ್ದವು. ಇದು ನಿದ್ದೆಯೋ ಎಚ್ಚರವೋ ಎಂದು ಓರ್ವಿಲ್‌ಗೆ ಅನುಮಾನ ಬಂತು. ನಿದ್ದೆಯಾಗಿದ್ದರೆ ಬಾಯಿ ತೆರೆಯುತ್ತಿತ್ತು. ತೆರೆದು ನೋಡಿದ. ಎಚ್ಚರವೇ. ಪಕ್ಕದಲ್ಲಿ ಆರ್ಡಿಸ್ ಕೈಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅವನಿಗೆ ಭಯವಾಗಿತ್ತು. ಡಾಕ್ಟರ ಭಯವಲ್ಲ, ಕೇಳಿದ ಕೂಡಲೇ ತನ್ನ ಬಾಯಿಂದ ತಾನೇ ಹೊರಬೀಳುವ 'ಏನಿಲ್ಲ'ದ ಭಯ. ನಲವತ್ತೊಂದು ವರ್ಷ ಹೇಳಿದ ಮಾತು, ಅದಕ್ಕೆ ದಾರಿ ಚೆನ್ನಾಗಿ ಗೊತ್ತಿತ್ತು.

ಈ ಸಲದ ಡಾಕ್ಟರು ಟ್ರೆವಿನ್ಯೋ ಎಂಬ ಐವತ್ತರ ಹೆಂಗಸು. ಟೆಕ್ಸಸ್ಸಿನವಳು, ಕೋಣೆಯೊಳಗೂ ಉಣ್ಣೆಯ ಶಾಲು ಹೊದ್ದಿದ್ದಳು. ಅವಳು ಹೇಗಿದ್ದೀರಿ ಎಂದು ಕೇಳಲಿಲ್ಲ. ಕಡತ ಬಿಚ್ಚಿ, ಒಂದು ಹಾಳೆ ತೆಗೆದು, ಇದನ್ನು ನಿಮ್ಮ ಹೆಂಡತಿ ಬರೆದಿದ್ದಾರೆ, ನೀವು ಓದಿದ್ದೀರಾ ಎಂದಳು. ಇಲ್ಲ ಎಂದ. ಇದರಲ್ಲಿರುವುದು ನಿಜವೇ ಎಂದು ನಿಮ್ಮನ್ನು ಕೇಳಬೇಕಾಗಿದೆ, ಅದಕ್ಕೇ ಓದುತ್ತೇನೆ ಎಂದು ಹೇಳಿ ಓದತೊಡಗಿದಳು. ಆರ್ಡಿಸ್ ಎದ್ದುಹೋಗಿ ಕಿಟಕಿಯ ಬಳಿ ಬೆನ್ನು ತಿರುಗಿಸಿ ನಿಂತಳು.

'ನಾನು ಓರ್ವಿಲ್‌ನನ್ನು ಮದುವೆಯಾಗಿ ಮೂವತ್ತೊಂಬತ್ತು ವರ್ಷ. ಅವನು ನನಗೆ ಯಾವತ್ತೂ ಏನೂ ಹೇಳಿಲ್ಲ. ನಾನು ಕಂಡದ್ದನ್ನು ಬರೆಯುತ್ತೇನೆ. ಆಕಳಿಕೆ ಬಂದರೆ ಅವನು ಎರಡೂ ಕೈಯಲ್ಲಿ ಗದ್ದ ಹಿಡಿದುಕೊಂಡು ಗೋಡೆಯ ಕಡೆ ತಿರುಗುತ್ತಾನೆ. ಮಾಂಸವನ್ನು ನಾನು ಒಳಗೇ ಸಣ್ಣಗೆ ಹೆಚ್ಚಿ ಎಲ್ಲರ ತಟ್ಟೆಗೂ ಹಾಗೇ ಬಡಿಸುತ್ತೇನೆ, ಅವನೊಬ್ಬನದೇ ಬೇರೆ ಆಗಬಾರದು ಎಂದು. ನಮ್ಮ ಮಕ್ಕಳು ಮಾಂಸದ ತುಂಡೆಂದರೆ ಅಷ್ಟೇ ದೊಡ್ಡದು ಎಂದುಕೊಂಡು ಬೆಳೆದರು. ಸೇನೆಗೆ ಹೋಗುವ ಮುಂಚೆ ಅವನು ಚರ್ಚಿನಲ್ಲಿ ಹಾಡುತ್ತಿದ್ದ. ಆ ದನಿ ಕೇಳಿಯೇ ನಾನು ಅವನಿಗಾಗಿ ಕಾದದ್ದು. ಬಂದ ಮೇಲೆ ಹಾಡಿಲ್ಲ. ನಾನೂ ಕೇಳಿಲ್ಲ. ಮಧ್ಯಾಹ್ನ ಕುರ್ಚಿಯಲ್ಲಿ ಮಲಗಿದಾಗ ಒಮ್ಮೊಮ್ಮೆ ಅವನ ಬಾಯಿ ಏನನ್ನೋ ಕಚ್ಚಲು ತೆರೆಯುತ್ತದೆ. ಆಗ ಅವನ ಮುಖ ಸಣ್ಣ ಹುಡುಗನ ಮುಖದ ಹಾಗಿರುತ್ತದೆ. ಬಾಯಿ ಮುಚ್ಚಿದ ಕೂಡಲೇ ನೋವಿಗೆ ನರಳುತ್ತಾನೆ. ಆದ್ದರಿಂದ ಬಾಯಿ ತೆರೆಯುವುದು ಕಂಡರೆ ನಾನು ಬೇಕೆಂದೇ ಪಾತ್ರೆಯನ್ನು ಜೋರಾಗಿ ಇಡುತ್ತೇನೆ. ಅವನು ಏನು ತಿನ್ನುತ್ತಾನೋ ಗೊತ್ತಿಲ್ಲ. ತಿಂದು ಮುಗಿಸಲು ನಾನು ಒಮ್ಮೆಯೂ ಬಿಟ್ಟಿಲ್ಲ. ಅದಕ್ಕೆ ನನಗೆ ದುಃಖವಿದೆ.'

ಡಾಕ್ಟರು ಹಾಳೆಯನ್ನು ಕೆಳಗಿಟ್ಟಳು. ಓರ್ವಿಲ್ ಕಿಟಕಿಯ ಕಡೆ ನೋಡಿದ. ಆರ್ಡಿಸ್‌ಳ ಕಿವಿಗಳು ಕೆಂಪಾಗಿದ್ದವು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ. ಅವನಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಯಾವುದೋ ಭಾರದ ಪೆಟ್ಟಿಗೆಯ ಇನ್ನೊಂದು ತುದಿಯನ್ನು ಇಷ್ಟು ವರ್ಷವೂ ಇನ್ನೊಬ್ಬರು ಹಿಡಿದುಕೊಂಡೇ ಬಂದಿದ್ದರು ಎಂದು ಗೊತ್ತಾದ ಹಾಗಾಯಿತು. ತಾನು ಮುಚ್ಚಿಟ್ಟದ್ದು ಯಾರಿಂದ? ಅವಳನ್ನು ಕಾಪಾಡುತ್ತೇನೆಂದುಕೊಂಡು ಅವಳ ನೋವನ್ನೂ ಜೊತೆಗೇ ಮುಚ್ಚಿಸಿಬಿಟ್ಟಿದ್ದ. ಇದು ನಿಜವೇ ಎಂದು ಡಾಕ್ಟರು ಕೇಳಿದಳು. ಅವನು ಹೌದೆಂದು ತಲೆಯಾಡಿಸಿದ.

ಅವಳು ಅಳತೆಪಟ್ಟಿ ಎತ್ತಿಕೊಂಡಳು. "ಈಗ ನಿಧಾನಕ್ಕೆ ಬಾಯಿ ತೆರೀರಿ. ನೋವು ಶುರುವಾದ ತಕ್ಷಣ ಕೈ ಎತ್ತಿ. ಅಲ್ಲಿಂದ ಒಂದು ಕೂದಲೆಳೆಯಷ್ಟೂ ಮುಂದೆ ಹೋಗ್ಬೇಡಿ."

ಓರ್ವಿಲ್ ಕೈ ಎತ್ತಿದ.

"ನೀವಿನ್ನೂ ತೆರೆದಿಲ್ಲ, ಟ್ವೀಟನ್ ಅವರೇ."

"ಗೊತ್ತು." ಎತ್ತಿದ ಕೈ ಇಳಿಯಲಿಲ್ಲ. "ಮುಚ್ಚಿದ್ರೂ ನೋಯುತ್ತೆ."

ಡಾಕ್ಟರು ಅವಸರ ಮಾಡಲಿಲ್ಲ. ಅದನ್ನು ಬರೆದುಕೊಂಡಳು. ಬರೆದ ಮೇಲೆ ಅಳೆದಳು. ಹದಿಮೂರು ಮಿಲಿಮೀಟರಿಗೆ ನೋವು ಚುಚ್ಚಿತು, ಓರ್ವಿಲ್ ಇನ್ನೊಂದು ಕೈಯನ್ನೂ ಎತ್ತಿ ಬಾಯಿಯನ್ನು ಅಲ್ಲೇ ನಿಲ್ಲಿಸಿಬಿಟ್ಟ. ಲಾನಿ ಹೇಳಿದ್ದ ಮೂವತ್ತು ಎಷ್ಟೋ ದೂರದಲ್ಲಿತ್ತು. ಸಾಕು, ಬಾಯಿ ಮುಚ್ಚಿ ಎಂದು ಡಾಕ್ಟರು ಕಾಗದ ತರಲು ಹೊರಗೆ ಹೋದಳು.

ಆರ್ಡಿಸ್ ಕಿಟಕಿಯಿಂದ ಬಂದು ಅವನ ಮುಂದೆ ನಿಂತಳು. ಮೂವತ್ತೊಂಬತ್ತು ವರ್ಷದಲ್ಲಿ ಅವಳು ಅವನ ಎಡಗೆನ್ನೆಯನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಯಾಕೆಂದು ಅವನು ಯೋಚಿಸಿರಲೂ ಇಲ್ಲ. ಈಗ ಅಂಗೈಯನ್ನು ಮೆಲ್ಲಗೆ, ಭಾರ ಬೀಳದ ಹಾಗೆ, ಅಲ್ಲಿಟ್ಟಳು.

"ನೋಯುತ್ತಾ?" ಎಂದಳು.

"ಹೂಂ," ಎಂದ ಓರ್ವಿಲ್. "ತೆಗೀಬೇಡ."